ಪದ್ಮನಾಭಯ್ಯನವರ ಕಾಡುಹೂವು

ಪದ್ಮನಾಭಯ್ಯನವರನ್ನು ನಾನು ಮೊದಲು ಕಂಡಾಗ ಅವರು ಪಂಚೆ ಮೇಲೆತ್ತಿ ಕಟ್ಟಿಕೊಂಡು, ಮಂಡಿಯೂರಿ, ಅಂಗಳದ ಹುಲ್ಲನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಹಾಗೆ ಕೂತವರನ್ನು ಕಂಡರೆ ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದೇ ಯಾರಾದರೂ ತಿಳಿಯುವುದು. ಕನ್ನಡದವರ ಮನೆ ಎಂದು ಮಗಳು ಗೀತಾ ಹೇಳಿಯೇ ಕರೆದುಕೊಂಡು ಬಂದಿದ್ದಳಲ್ಲ, ಗೇಟಿನಲ್ಲೇ ನಿಂತು ಕೇಳಿದೆ: "ಏನು ಬಿತ್ತು ಸ್ವಾಮಿ?"

"ಏನೂ ಬಿದ್ದಿಲ್ಲಮ್ಮ. ಇಲ್ಲೊಂದು ಎಳೆ ಮಾತ್ರ ಎದ್ದಿದೆ," ಎಂದರು, ತಲೆಯೆತ್ತದೆ.

ಹಸು ಮೇಯುವುದಿಲ್ಲ, ಗಣಪತಿಗೆ ಏರುವುದಿಲ್ಲ, ಮನುಷ್ಯ ಕೂರುವಂತಿಲ್ಲ. ಅಂಥ ಹುಲ್ಲಿಗೆ ಅಷ್ಟು ಉಪಚಾರ. ಹೆಂಡತಿ ನಾಗರತ್ನಮ್ಮನಿಗೆ ಮಂಡಿನೋವು. ಆಕೆ ಬಟ್ಟೆ ಒಣಹಾಕಲು ಹುಲ್ಲು ತುಳಿಯದೆ ಗೋಡೆಗುಂಟ ಸುತ್ತಿಕೊಂಡು ಹೋಗಬೇಕು. "ಈ ಮನೆಗೆ ನಾನು ಸೊಸೆಯಾಗಿ ಬಂದೆ, ಹುಲ್ಲು ಯಜಮಾನಿಯಾಗಿ ಬಂತು," ಎನ್ನುತ್ತಿದ್ದರು ಆಕೆ.

ಪದ್ಮನಾಭಯ್ಯ ಮೈಸೂರಿನವರು. ಮೀಸೆ ಮೂಡುವ ವಯಸ್ಸಿನಲ್ಲಿ ಜಪಾನಿನ ಕೋಬೆ ಊರಿನ ಬಟ್ಟೆ ವ್ಯಾಪಾರಿಯೊಬ್ಬರ ಗುಮಾಸ್ತರಾಗಿ ಬಂದು, ಆಮೇಲೆ ಸ್ವಂತ ವ್ಯಾಪಾರ ಮಾಡಿ, ಗುಡ್ಡದ ಓರೆಯಲ್ಲಿ ಮನೆ ಕೊಂಡವರು. ಆಗ ಎರಡು ಸಾವಿರನೇ ಇಸವಿ ಹತ್ತಿರ ಬರುತ್ತಿತ್ತು. ಕಂಪ್ಯೂಟರಿಗೆ ಇಸವಿ ಎಣಿಸಲು ಬರುವುದಿಲ್ಲವೆಂದು ಬೆಂಗಳೂರಿನ ಹುಡುಗರನ್ನೆಲ್ಲ ವಿಮಾನದಲ್ಲಿ ತಂದು ಸುರಿಯುತ್ತಿದ್ದರು. ನನ್ನ ಅಳಿಯನೂ ಅವರಲ್ಲೊಬ್ಬ. ಹೊಸಬರು ಬಂದರೆ ಮೊದಲು ಪದ್ಮನಾಭಯ್ಯನವರ ಮನೆಗೆ ಹೋಗಿ ಪಾಠ ಹೇಳಿಸಿಕೊಳ್ಳಬೇಕು. ಪಾಠ ಯಾವಾಗಲೂ ಒಂದೇ.

"ಇಲ್ಲಿಯವರು ಚೆನ್ನಾಗಿದೆ ಅಂದ್ರೆ ಹಿಗ್ಗಬೇಡಿ. ಮತ್ತೆ ಬರ್ತೀನಿ ಅಂದ್ರೆ ಎಲೆ ಹಾಕ್ಕೊಂಡು ಕಾಯಬೇಡಿ. ಅವೆಲ್ಲ ಮರ್ಯಾದೆ ಮಾತು. ಮಾತಿನ ಹಿಂದೇನಿದೆ ನೋಡೋದು ಕಲೀರಿ."

ಹುಡುಗರು ತಲೆಯಾಡಿಸುತ್ತ ಉಪ್ಪಿಟ್ಟು ತಿನ್ನುತ್ತಿದ್ದರು. ಅವರು ಬರುತ್ತಿದ್ದದ್ದು ಉಪ್ಪಿಟ್ಟಿಗೆ.

ಇಷ್ಟು ಕಲಿಸುವ ಮನುಷ್ಯನಿಗೆ ಒಂದೇ ಒಂದು ಕೊರಗು. ಪಕ್ಕದ ಮನೆಯ ಕಿತಮುರಾ ಸಾನ್, ಅಂದರೆ ನಮ್ಮ ಲೆಕ್ಕದಲ್ಲಿ ಕಿತಮುರಾ ಅವರು, ಒಂದು ಸಲವೂ ಇವರ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಕೆಲಸದಿಂದ ನಿವೃತ್ತರಾಗಿ ಮನೆಯಲ್ಲೇ ಇರುವವರು. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ನಡು ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದರು. ಇವರು ಇನ್ನೂ ಸ್ವಲ್ಪ ಬಗ್ಗುತ್ತಿದ್ದರು. ಅದರಾಚೆಗೆ ಏನೂ ಇಲ್ಲ. ಮೂವತ್ತು ವರ್ಷ ಅಕ್ಕಪಕ್ಕ ಇದ್ದೂ ಒಂದು ಲೋಟ ಕಾಫಿ ಕುಡಿಯಲಿಲ್ಲ. "ನಾನಿನ್ನೂ ಅವರಿಗೆ ಹೊರಗಿನವನೇ ಕಣಮ್ಮ," ಎಂದು ನನ್ನೆದುರೇ ಅಂದಿದ್ದರು. ಹುಲ್ಲನ್ನು ಅಷ್ಟು ನೀಟಾಗಿ ಇಟ್ಟಿದ್ದೂ ಆ ಮಹಾರಾಯ ಮೆಚ್ಚಲಿ ಎಂದೇ.

ಒಂದು ದಿನ ಕಿತಮುರಾ ಸಾನ್ ಗೋಡೆಯ ಮೇಲಿಂದ ಒಂದು ಪತ್ರಿಕೆಯಲ್ಲಿ ಇಂಗ್ಲೆಂಡಿನ ಯಾವುದೋ ಹೂವಿನ ಬಯಲಿನ ಚಿತ್ರ ತೋರಿಸಿ, ಚೆನ್ನಾಗಿದೆ ಎಂದರಂತೆ. ಅಷ್ಟೇ. ಮರುವಾರವೇ ಹುಲ್ಲು ಕಿತ್ತಾಯಿತು. ಲಾರಿಯಲ್ಲಿ ಕಾಡುಹೂವಿನ ಸಸಿಯ ಹಾಸು ಬಂತು, ಚಾಪೆ ಸುತ್ತಿದಂತೆ ಸುರುಳಿ ಸುರುಳಿಯಾಗಿ. ನೆಲದ ಮೇಲೆ ಬಿಚ್ಚಿ ಹಾಸಿ ನೀರು ಹಾಕಿದರೆ ಆಯಿತು, ಕಾಡು ತಯಾರು.

"ಇದು ನ್ಯಾಚುರಲ್ ಅಮ್ಮ. ಮೇಂಟೆನೆನ್ಸೇ ಇಲ್ಲ," ಎಂದರು.

"ಅಂಥದ್ದು ನಮ್ಮಲ್ಲಿ ಬೇಲಿ ಪಕ್ಕ ಬಿಟ್ಟಿ ಬೆಳೆಯುತ್ತೆ," ಎಂದೆ.

ಮೇಂಟೆನೆನ್ಸ್ ಇಲ್ಲದ ಆ ತೋಟಕ್ಕೆ ಅವರು ಹಿಂದಿಗಿಂತ ಹೆಚ್ಚು ದುಡಿದರು. ಕಾಡುಹೂವಿನ ನಡುವೆ ನಿಜವಾದ ಕಾಡುಗಿಡವೊಂದು ತಲೆಯೆತ್ತಿದರೆ ಸಾಕು, ಚಿಮಟ ತಂದು ಕೀಳುತ್ತಿದ್ದರು.

ನಾನು ಗೀತಾಳ ಬಾಣಂತನ ಮುಗಿಸಿ ಊರಿಗೆ ಹೋದೆ. ಅವಳು ಮತ್ತೆ ಕೆಲಸಕ್ಕೆ ಸೇರಿ, ಕೂಸು ನೋಡಿಕೊಳ್ಳಲು ಪುನಃ ಕರೆಸಿಕೊಂಡಳು. ಬರುವಷ್ಟರಲ್ಲಿ ಇಸವಿ ಬದಲಾಗಿತ್ತು, ಕಂಪ್ಯೂಟರುಗಳಿಗೆ ನೆಗಡಿಯೂ ಬಂದಿರಲಿಲ್ಲ. ಆದರೆ ಹುಡುಗರ ಹೆಂಡತಿಯರು ಹೆದರಿ ಹರಕೆ ಹೊತ್ತುಬಿಟ್ಟಿದ್ದರು: ಗಂಡಂದಿರ ಕಂಪ್ಯೂಟರ್ ಕೈಕೊಡದಿದ್ದರೆ ದೇವಿಗೆ ಸಹಸ್ರನಾಮದ ಹೂವಿನ ಅರ್ಚನೆ. ಮೇ ತಿಂಗಳ ಮೊದಲ ವಾರ ಇಲ್ಲಿ ಎಲ್ಲರಿಗೂ ರಜೆ. ಅಷ್ಟು ಜನ ಹಿಡಿಸುವ ಮನೆ ಪದ್ಮನಾಭಯ್ಯನವರದೊಂದೇ.

ಅರ್ಚನೆಯ ದಿನ ಹೋದಾಗ ಅಂಗಳ ತುಂಬಾ ಹೂವು ಬಿಟ್ಟಿತ್ತು. ಕೆಂಪು, ನೀಲಿ, ಬಿಳಿ. ನಾನು ಯಾವುದನ್ನೂ ಬೇಗ ಹೊಗಳುವವಳಲ್ಲ, ಹೊಗಳಿದೆ. ಅವರಿಗೆ ನನ್ನ ಹೊಗಳಿಕೆ ಬೇಕಿರಲಿಲ್ಲ. ಅದೇ ಮಧ್ಯಾಹ್ನ ಕಿತಮುರಾ ಸಾನ್ ಹೂವು ನೋಡಲು ಬರಲು ಒಪ್ಪಿದ್ದರು. ಪದ್ಮನಾಭಯ್ಯ ಇಸ್ತ್ರಿ ಶರಟು ಹಾಕಿಕೊಂಡು, ಅವರಿಗಾಗಿ ಒಳ್ಳೆಯ ಕೇಕು ತರಲು ಸ್ಟೇಷನ್ ಕಡೆ ಹೋದರು.

ಒಳಗೆ ಅರ್ಚನೆ ಶುರುವಾಯಿತು. ಆ ಊರಿನಲ್ಲಿ ಹೂವನ್ನು ಕಡ್ಡಿ ಲೆಕ್ಕದಲ್ಲಿ ಮಾರುತ್ತಾರೆ. ತಂದದ್ದನ್ನು ದಳ ಬಿಡಿಸಿ ಹಾಕಿದರೂ ಅರ್ಧ ಹೆಸರಿಗೆ ಮೊದಲೇ ತಟ್ಟೆ ಖಾಲಿ. ಓದುತ್ತಿದ್ದವಳು ಬಾಯಿ ನಿಲ್ಲಿಸಿದಳು. "ಆಂಟೀ, ಫ್ಲವರ್ಸ್ ಮುಗಿದ್ಹೋಯ್ತು. ಅಕ್ಷತೆ ಹಾಕೋಣ್ವಾ?"

ನಾಗರತ್ನಮ್ಮ ಮಂಡಿ ಹಿಡಿದುಕೊಂಡು ಎದ್ದರು. "ಅಕ್ಷತೆ ಯಾಕೆ? ಅಂಗಳದಲ್ಲಿ ಬಿಟ್ಟಿರೋದೇನು?"

"ಅಂಕಲ್ ಬೈಯೊಲ್ವಾ?"

"ಹೂವು ಬಿಡೋದು ದೇವರಿಗಲ್ದೆ ಇನ್ಯಾರಿಗೆ, ಆ ಕಿತಮುರಾಗಾ? ಬನ್ರೇ!"

ಆಕೆಯೇ ಮುಂದಾಗಿ ಅಂಗಳದ ನಟ್ಟನಡುವೆ ಹೋಗಿ ನಿಂತು ಮೊದಲ ಹೂವು ಕಿತ್ತರು. ಆ ಮುಖದ ಕಳೆ ನೋಡಿದ ನಾನು ತಡೆಯುವ ಪೈಕಿ ಅಲ್ಲ. ಸೆರಗು, ದುಪಟ್ಟ, ಸಾರಿನ ಪಾತ್ರೆ, ಎಲ್ಲವೂ ತುಂಬಿದವು. ಸಾವಿರ ಹೆಸರೂ ಪೂರೈಸಿದವು. ದೇವಿಯ ಮೂಗು ಮಾತ್ರ ಕಾಣುತ್ತಿತ್ತು.

ಪದ್ಮನಾಭಯ್ಯ ಕೇಕಿನ ಡಬ್ಬಿ ಹಿಡಿದು ಗೇಟಿಗೆ ಬರುವುದಕ್ಕೂ, ಕಿತಮುರಾ ಸಾನ್ ಟೈ ಕಟ್ಟಿಕೊಂಡು ತಮ್ಮ ಮನೆಯಿಂದ ಹೊರಡುವುದಕ್ಕೂ ಸರಿಹೋಯಿತು. ಇಬ್ಬರೂ ಒಟ್ಟಿಗೆ ನಿಂತು ನೋಡಿದರು. ಒಂದು ಹೂವಿಲ್ಲ, ಬರಿ ಹಸಿರು ಮೋಟು. ಪದ್ಮನಾಭಯ್ಯನವರ ಬಾಯಿಂದ "ಸುಮಿಮಾಸೆನ್, ಸುಮಿಮಾಸೆನ್" ಎಂಬ ಕ್ಷಮಾಪಣೆ ಬಿಟ್ಟು ಬೇರೆ ಮಾತು ಬರಲಿಲ್ಲ. ಕಿತಮುರಾ ಸಾನ್ ಬಹಳ ಹೊತ್ತು ನೋಡಿ, ಬಗ್ಗಿ, ಏನೋ ಹೇಳಿ, ಗೇಟಿನಿಂದಲೇ ಹಿಂದಿರುಗಿದರು.

"ಏನಂದ್ರೇ?" ಎಂದು ಗೀತಾಳನ್ನು ಕೇಳಿದೆ.

"ಹಸಿರು ತುಂಬಾ ಚೆನ್ನಾಗಿದೆ, ಮತ್ತೆ ಬರ್ತೀನಿ ಅಂದ್ರಮ್ಮ."

ಹೆಂಡತಿಗೆ ಪದ್ಮನಾಭಯ್ಯ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಊರಿಗೆ ಹೊರಡುವ ಮುನ್ನ ಹೇಳಿ ಹೋಗಲು ಹೋದೆ. ಕೆಲಸದವರು ಹೂವಿನ ಹಾಸನ್ನು ಕಿತ್ತು ಸುತ್ತುತ್ತಿದ್ದರು. ಒಂದು ಮೂಲೆಯಲ್ಲಿ ಆಗಲೇ ಹಳೆಯ ಜಾತಿಯ ಹುಲ್ಲು ಕೂತಿತ್ತು.

"ಬೇರು ಇತ್ತಲ್ಲ ಸ್ವಾಮಿ, ಮತ್ತೆ ಬಿಡುತ್ತಿತ್ತು," ಎಂದೆ.

"ಅವರಿಗೆ ಹಸಿರೇ ಇಷ್ಟ ಕಣಮ್ಮ. ಬಾಯಿಬಿಟ್ಟು ಹೇಳಿದ್ರಲ್ಲ. ಮತ್ತೆ ಬರ್ತಾರಂತೆ."

ಊರಿಗೆಲ್ಲ ಪಾಠ ಹೇಳುತ್ತಿದ್ದ ಮನುಷ್ಯ! ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅದೇ ಕೊನೆಯ ಭೇಟಿ. ಕಿತಮುರಾ ಸಾನ್ ಬರಲಿಲ್ಲ. ಮುಂದಿನ ಚಳಿಗಾಲದಲ್ಲಿ ಪದ್ಮನಾಭಯ್ಯ ಹೋಗಿಬಿಟ್ಟರು.

ಆಮೇಲೆ ನಡೆದದ್ದನ್ನು ಗೀತಾ ಫೋನಿನಲ್ಲಿ ಹೇಳಿದಳು. ಕಿತಮುರಾ ಸಾನ್ ಕಪ್ಪು ಸೂಟು ಹಾಕಿಕೊಂಡು ಮನೆಯೊಳಗೇ ಬಂದು ಕೂತರಂತೆ. ನಾಗರತ್ನಮ್ಮ ಕಾಫಿ ಕೊಟ್ಟರಂತೆ. ಆತ ಹೇಳಿದ್ದು ಇಷ್ಟು: ಆ ಹೂವು ಬಿಟ್ಟಿದ್ದಷ್ಟು ದಿನ ಬೆಳಿಗ್ಗೆ ಎದ್ದು ಮಹಡಿಯ ಕಿಟಕಿಯಿಂದ ಅದನ್ನೇ ನೋಡುತ್ತಿದ್ದೆ. ಆಮೇಲೆ ಹೂವೆಲ್ಲ ಕಿತ್ತು ಹುಲ್ಲು ಹಾಕಿಬಿಟ್ಟರು. ನಾನು ಇಣುಕಿದ್ದು ಅವರಿಗೆ ಹಿಡಿಸಲಿಲ್ಲವೇನೋ ಎಂದು ನಾಚಿಕೆಯಾಗಿ ಬರಲಿಲ್ಲ.

ನಾಗರತ್ನಮ್ಮನಿಗೆ ಜಪಾನಿ ಬಾರದೆಂದೇನಲ್ಲ. ಆದರೂ ಕನ್ನಡದಲ್ಲೇ ಕೇಳಿದರಂತೆ: "ಇದನ್ನ ಅವರಿದ್ದಾಗ ಹೇಳೋಕೆ ನಿಮಗೇನಾಗಿತ್ತು ಧಾಡಿ?"

ಕಿತಮುರಾ ಸಾನ್ ಕೂತಲ್ಲೇ ತಲೆ ಬಗ್ಗಿಸಿ, ಕಾಫಿ ತುಂಬಾ ಚೆನ್ನಾಗಿದೆ ಎಂದರಂತೆ.