ಮಷೀನಿಗೆ ಎರಚಿದ ಭಂಡಾರ

ಭಾಲ್ಕಿ ತಾಲ್ಲೂಕಿನ ನಮ್ಮೂರಲ್ಲಿ ಕುರಿ ಸಾಕುವವರದೊಂದು ಸಣ್ಣ ಸಂಘವಿದೆ. ಅದಕ್ಕೆ ನಾನು ಕಾರ್ಯದರ್ಶಿ. ನನ್ನ ಬಾಯಿಗೆ ಹೆದರಿಯೇ ಆರಿಸಿದರೆಂದು ನನ್ನ ಗುಮಾನಿ. ಉಣ್ಣೆ ಕತ್ತರಿಸುವ ಕರೆಂಟಿನ ಮಷೀನು ಕೊಳ್ಳೋಣವೆಂದು ಪ್ರತಿ ಸಭೆಯಲ್ಲೂ ಎಲ್ಲರ ತಲೆ ತಿಂದೆ. ಸಂಘದ ಉಳಿತಾಯವೆಲ್ಲ ಅದಕ್ಕೇ ಹೋಗುತ್ತಿತ್ತು, ಹಾಗಾಗಿ ಎಲ್ಲರ ಎದೆಯಲ್ಲೂ ಪುಕುಪುಕು. ಎಲ್ಲರಿಗಿಂತ ಹೆಚ್ಚು ಅಡ್ಡಗಾಲು ಹಾಕಿದವನು ನನ್ನಪ್ಪ.

“ಕುರಿ ತೊಗಲು ಸುಲದ್ರ ಯಾರು ಜಿಮ್ಮೇದಾರ್? ನೀನೇನು?”

ವರ್ಷಗಟ್ಟಲೆ ಕತ್ತರಿ ಹಿಡಿದು ಅವನ ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡಿದ್ದವು, ಬಿಚ್ಚಲು ಬರುತ್ತಿರಲಿಲ್ಲ. ಆದರೂ ಆ ಹಟ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಬೀದರಿನ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಮಷೀನು ತರುವುದು. ಒಂದೇ ಒಂದು ಕುರಿಗೆ ರಕ್ತ ಬಂದರೂ ಸಂಜೆಗೆ ವಾಪಸ್.

ಹಟ್ಟಿಯಲ್ಲಿ ಎಲ್ಲರೂ ಸೇರಿದರು. ನಮ್ಮಲ್ಲಿ ಭಂಡಾರ ಹಾಕದೆ ಯಾವ ಹತಾರವೂ ಕುರಿಯ ಮೈ ಮುಟ್ಟುವುದಿಲ್ಲ. ನನ್ನ ಸೋದರತ್ತೆ ದೇವರ ಹೆಸರು ಹೇಳಿ, ಆ ಅರಿಶಿನ ಪುಡಿಯನ್ನು ಬೊಗಸೆ ತುಂಬ ಮಷೀನಿನ ಮೇಲೆ ಎರಚಿದಳು. ನಾನು ಸ್ವಿಚ್ ಒತ್ತಿದೆ. ಅದು ಗುರ್ ಎಂದು ನಿಂತೇ ಹೋಯಿತು.

“ದೇವ್ರಿಗೇ ಮನಸ್ಸಿಲ್ಲವ್ವಾ, ಕಳಿಸಿಬಿಡು,” ಎಂದರು ಸಂಘದ ಅಧ್ಯಕ್ಷರು.

“ದೇವ್ರಿಗಿ ಮನಸ್ಸದರಿ! ಭಂಡಾರ ಮಷೀನಿನ ಹಲ್ಲಾಗ ಸಿಕ್ಕದ!” ಎಂದು ಚೀರಿದೆ. ಅಂಗಡಿಯವನಿಗೆ ಫೋನ್ ಹಚ್ಚಿ, ಅವನು ಹೇಳಿದಂತೆ ಹಲ್ಲು ಬಿಚ್ಚಿ, ಬ್ರಷ್‌ನಿಂದ ಉಜ್ಜಿ, ಎಣ್ಣೆ ಬಿಟ್ಟೆ. ಮಷೀನು ತಿರುಗಿತು. ಆದರೆ ಈಗ ಒಬ್ಬರೂ ತಮ್ಮ ಕುರಿ ಕೊಡಲೊಲ್ಲರು! ಸಿಟ್ಟಿಗೋ ಸಂಕಟಕ್ಕೋ, ನನ್ನ ಕಣ್ಣಲ್ಲಿ ನೀರು ಬಂತು.

ಅಪ್ಪ ಎದ್ದ. ತನ್ನ ಟಗರನ್ನೇ ಎಳೆದು ತಂದು ಕೆಡವಿದ.

“ಮಂದಿ ಮುಂದ ಅಳಬ್ಯಾಡ. ಕೊಡಿಲ್ಲಿ.”

ಎಡಗೈಯಿಂದ ಚರ್ಮ ಬಿಗಿಯಾಗಿ ಎಳೆದು ಹಿಡಿದು, ಬಲಗೈಯಲ್ಲಿ ಮಷೀನು ಮೆಲ್ಲಗೆ ಓಡಿಸಿದ. ಅದಕ್ಕೆ ಬೆರಳು ಬಿಚ್ಚಿ ಮಡಚುವ ಕೆಲಸವಿಲ್ಲ, ಹಿಡಿದರೆ ಸಾಕು. ಉಣ್ಣೆ ರಾಶಿರಾಶಿಯಾಗಿ ಕಳಚಿ ಬಿತ್ತು. ಒಂದು ಹನಿ ರಕ್ತವಿಲ್ಲ. ಅಪ್ಪ ತಲೆ ಎತ್ತದೆಯೇ “ಇನ್ನೊಂದು ತರ್ರಿ” ಎಂದ. ಈ ಸಲ ಅಧ್ಯಕ್ಷರೇ ತಮ್ಮ ಕುರಿ ಹಿಡಿದು ತಂದರು. ಅದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಸಂಜೆ ಅಂಗಡಿಯವನ ಫೋನ್ ಬಂತು: ಮಷೀನು ಒಯ್ಯಲು ಗಾಡಿ ಕಳಿಸಲೇ? ನಾನು ಅಧ್ಯಕ್ಷರ ಮುಖ ನೋಡಿದೆ, ಅವರು ಅಪ್ಪನ ಮುಖ ನೋಡಿದರು. ಅಪ್ಪ ಫೋನ್ ಕಸಿದುಕೊಂಡ.

“ಗಾಡಿ ಬ್ಯಾಡ್ರಿ. ಮಷೀನ್ ಇನ್ನ ನಮ್ದು. ಔರಾದ್ ತಾಲೂಕಿನ ಕುರಿ ಮಂದಿ ಯಾರರೆ ಮಷೀನ್ ಕೇಳಿದ್ರ ನಮ್ಮ ಹಟ್ಟಿಗಿ ಕಳಸ್ರಿ. ನನ್ನ ಮಗಳು ಕಲಿಸ್ತಾಳ.”