ಎರೆಹೊಲದಲ್ಲಿ ಕಂಡ ಗಾಲಿಯ ಗುರುತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ನಗುತ್ತಿದ್ದೆ. ಸರ್ವೇಯರ್ ಕೆಲಸದವನು ನಾನು. ಸರಪಳಿ ಹಿಡಿದು ಅಳೆಯಲು ಬಾರದ್ದು ಇಲ್ಲವೇ ಇಲ್ಲ ಎಂದು ಚಹಾದಂಗಡಿಯಲ್ಲಿ ಕೂತು ಎಷ್ಟೋ ಮಂದಿಯ ಬಾಯಿ ಮುಚ್ಚಿಸಿದ್ದೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಎಂಬತ್ತರ ದಶಕದ ನಡುವಿನ ಮಾತು. ಗೆಳೆಯ ಮಾರುತಿ ಕಲಘಟಗಿಯಲ್ಲಿ ತೊಟ್ಟಿಲುಗಳಿಗೆ ಬಣ್ಣ ಬರೆಯುತ್ತಿದ್ದ. ಇಬ್ಬರಿಗೂ ಮೋಟಾರ್ ಸೈಕಲ್ಲಿನ ಹುಚ್ಚು. ಡಾಂಬರು ರಸ್ತೆ ನಮಗೆ ಸಪ್ಪೆ. ಕಲ್ಲು, ಕೊರಕಲು, ಹಳ್ಳ ಇದ್ದರೇ ಸವಾರಿ. ಆ ಬೇಸಿಗೆ ಹದಿನೈದು ದಿನ ದೂರ ಹೋಗುವುದೆಂದು ನಿಶ್ಚಯವಾಗಿತ್ತು. ಎಲ್ಲಿಗೆ ಎಂಬುದೇ ಜಗಳ. ನನಗೆ ರಾಜಸ್ಥಾನದ ಮರಳುಗಾಡು ನೋಡುವ ಆಸೆ, ಅವನಿಗೆ ಹಿಮಾಲಯದ್ದು.

"ಬ್ಯಾಸಗ್ಯಾಗ ಮರಳುಗಾಡಿಗೆ ಯಾವ ಶಾಣ್ಯಾ ಹೊಕ್ಕಾನಲೇ?" ಎಂದು ಅವನು ನಕ್ಕ.

"ನಮ್ಮ ಎರಿಹೊಲದಾಗ ಒಂದ ಮಧ್ಯಾಹ್ನ ತಡಕೊಂಡ್ರ ಎಲ್ಲಾ ತಡಕೋತೀವಿ. ನೋಡೇಬಿಡೂಣು ಬಾ" ಎಂದೆ.

ಹಾಗೆ ಒಂದು ಭಾನುವಾರ ಅಣ್ಣಿಗೇರಿ ದಾಟಿ, ನವಲಗುಂದದ ಕಡೆಯ ಹೊಲಗಳಿಗೆ ಗಾಡಿ ಇಳಿಸಿದೆವು. ಜೋಳ, ಕಡಲೆ ಎಲ್ಲ ತೆಗೆದಾಗಿತ್ತು. ಕರಿನೆಲ ಕೈ ಹಿಡಿಸುವಷ್ಟು ಬಿರಿದಿತ್ತು. ಕಣ್ಣು ಹಾಯುವವರೆಗೆ ಗಿಡವಿಲ್ಲ, ಮನೆಯಿಲ್ಲ. ಹನ್ನೆರಡರ ಹೊತ್ತಿಗೆ ಮಾರುತಿಯ ಮುಂದಿನ ಗಾಲಿ ಒಂದು ಬಿರುಕಿಗೆ ಸಿಕ್ಕಿತು. ಅವನು ಹಾರಿ ಬಿದ್ದ. ಗಾಡಿ ಅವನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಎಲುಬು ಮುರಿದದ್ದು ಮುಟ್ಟಿದರೇ ತಿಳಿಯುತ್ತಿತ್ತು. ನೀರಿನ ಕ್ಯಾನು ಒಡೆದು ನೀರೆಲ್ಲ ಬಿರುಕಿನೊಳಗೆ ಹೋಯಿತು.

ಹೊಲದಲ್ಲಿ ಬಿದ್ದಿದ್ದ ಹತ್ತಿಯ ಕಟ್ಟಿಗೆ ಇಟ್ಟು, ಟವೆಲ್ಲಿನಿಂದ ಕಾಲು ಕಟ್ಟಿದೆ. ಅವನನ್ನು ನನ್ನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿ ತಪ್ಪುವವನು ನಾನಲ್ಲ ಎಂಬ ಧೈರ್ಯವಿತ್ತು. ಆದರೆ ಅಷ್ಟರಲ್ಲಿ ಸುಳಿಗಾಳಿ ಎದ್ದು ನಾವು ಬಂದ ಗುರುತನ್ನೆಲ್ಲ ಒರೆಸಿಹಾಕಿತ್ತು. ಒಂದು ತಾಸು ಸುತ್ತಿ, ಬಿದ್ದಿದ್ದ ಮಾರುತಿಯ ಗಾಡಿಯ ಹತ್ತಿರವೇ ಬಂದು ನಿಂತೆ. ಮಾರುತಿಯ ತಲೆ ನನ್ನ ಬೆನ್ನಿಗೆ ವಾಲುತ್ತಿತ್ತು. ಕರೆದರೆ "ಹೂಂ" ಎನ್ನುವುದೂ ನಿಂತಿತು. ಆಗ ನಿಜವಾಗಿ ಹೆದರಿದೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಧೂಳಿನಲ್ಲಿ ಮೋಟಾರ್ ಸೈಕಲ್ಲಿನ ಗಾಲಿಯ ಗುರುತು ಕಂಡಿತು. ಅಂಚು ಕೂಡ ಉದುರಿರಲಿಲ್ಲ, ಅಷ್ಟು ಹೊಸದು. ಯಾರೋ ಈಗಷ್ಟೇ ಹೋಗಿದ್ದಾರೆಂದುಕೊಂಡು ಅದರ ಬಾಜುವೇ ಗಾಡಿ ಓಡಿಸಿದೆ. ಎರಡು ಮೈಲಿಯಾದ ಮೇಲೆ ಒಂದು ಬೇವಿನ ಗಿಡ, ಬಾವಿ, ಗುಡಿಸಲು ಕಂಡವು. ಗುಡಿಸಲಿನ ಮುಂದೆ ಚಕ್ಕಡಿಗೆ ಎತ್ತು ಹೂಡಿತ್ತು. ಅದರಲ್ಲಿ ದಪ್ಪಗೆ ಜೋಳದ ಕಣಿಕೆ ಹಾಸಿತ್ತು. ವಯಸ್ಸಾದ ಹೆಂಗಸೊಬ್ಬಳು ಚರಿಗೆಯಲ್ಲಿ ನೀರು ಹಿಡಿದು ಎದುರು ಬಂದಳು.

"ಬಂದ್ಯಾ ತಮ್ಮಾ? ಎಷ್ಟ ತಡಾ ಮಾಡಿದಿ! ಮೊದಲ ಅವಂಗ ನೀರ ಕುಡಸು."

"ನಾವ್ ಬರೂದು ನಿಮಗ ಯಾರ ಹೇಳಿದ್ರವ್ವಾ?"

"ಯಾರ ಹೇಳೂದು? ನೀನ ಬಂದ ಹೇಳಿ ಹೋದೆಲ್ಲೊ! ದೋಸ್ತನ ಕಾಲ ಮುರದೈತಿ, ಚಕ್ಕಡಿ ಹೂಡ್ರಿ, ಕರಕೊಂಡ ಬರ್ತೇನಿ ಅಂದಿ."

ಆಕೆಯ ಗಂಡ ಎತ್ತಿನ ಹಗ್ಗ ಹಿಡಿದು ನಿಂತಿದ್ದ. "ಫಟಫಟಿ ಸಪ್ಪಳಾ ನಾನೂ ಕೇಳೇನ್ರಿ. ಬಾವ್ಯಾಗ ಇಳದಿದ್ದೆ, ಮಾರಿ ನೋಡಲಿಲ್ಲ" ಎಂದ.

ಮಾರುತಿಯನ್ನು ಚಕ್ಕಡಿಯಲ್ಲಿ ಮಲಗಿಸಿದ ಮೇಲೆ ನೆಲ ನೋಡಿದೆ. ನನ್ನ ಹಿಂದಿನ ಟೈರಿನಲ್ಲಿ ಒಂದು ಕಡೆ ಅರ್ಧಚಂದ್ರದಷ್ಟು ರಬ್ಬರು ಕಿತ್ತುಹೋಗಿತ್ತು. ನನ್ನ ಗಾಡಿಯ ಗುರುತಿನಲ್ಲಿ ಅದು ಒಂದೊಂದು ಮಾರಿನ ದೂರಕ್ಕೆ ಮೂಡಿತ್ತು. ನಾನು ಬೆನ್ನು ಹತ್ತಿ ಬಂದ ಗುರುತಿನಲ್ಲೂ ಅಷ್ಟಷ್ಟೇ ದೂರಕ್ಕೆ ಅದೇ ಅರ್ಧಚಂದ್ರವಿತ್ತು. ಆ ಗುರುತು ಬೇವಿನ ಗಿಡದವರೆಗೆ ಬಂದಿತ್ತು. ಅಲ್ಲಿಂದ ಹೊರಗೆ ಹೋದದ್ದನ್ನು ಹುಡುಕಿದೆ. ಇರಲಿಲ್ಲ.

ಚಕ್ಕಡಿ ಅಣ್ಣಿಗೇರಿ ಮುಟ್ಟಿತು. ಸಂಜೆಯೊಳಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಾರುತಿಯ ಕಾಲಿಗೆ ಪ್ಲಾಸ್ಟರು ಬಿತ್ತು. ಇನ್ನೆರಡು ತಾಸು ಬಿಸಿಲಲ್ಲಿ ಬಿದ್ದಿದ್ದರೆ ಕಾಲಿನ ಚಿಂತೆಯೇ ಇರುತ್ತಿರಲಿಲ್ಲ ಎಂದರು ಡಾಕ್ಟರು. ಮರುವರ್ಷ ಅವನ ಹಟವೇ ಗೆದ್ದಿತು. ಹಿಮಾಲಯಕ್ಕೆ ಹೋದೆವು, ಚೆನ್ನಾಗಿ ಸುತ್ತಿ ಬಂದೆವು. ಮರಳುಗಾಡನ್ನು ಮುಂದೊಂದು ಚಳಿಗಾಲದಲ್ಲಿ ನೋಡಿದೆ. ನನಗೆ ಆ ಮಧ್ಯಾಹ್ನದ ಹೆದರಿಕೆ ಉಳಿದಿಲ್ಲ.

ಮಾರುತಿ ಬಿದ್ದು ಹದಿನೈದು ದಿನ ಬಿಟ್ಟು ಆ ಗುಡಿಸಲಿಗೆ ಹೋಗಿ ಮುದುಕಿಯನ್ನು ಮತ್ತೆ ಕೇಳಿದ್ದೆ. ಆಕೆ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ನನ್ನ ಅಂಗಿಯ ಬಣ್ಣವನ್ನೂ ಸರಿಯಾಗಿ ಹೇಳಿ, "ನೀನ ಮರತರ ನಾ ಏನ ಮಾಡ್ಲೊ?" ಎಂದು ನನ್ನನ್ನೇ ಬೈದಳು. ಬಿಸಿಲು ತಲೆಗೇರಿತ್ತು, ಅದಕ್ಕೇ ಹಾಗನ್ನಿಸಿತು ಎಂದು ಮಾರುತಿ ಇವತ್ತಿಗೂ ವಾದಿಸುತ್ತಾನೆ. ಇದ್ದೀತು. ನಮ್ಮಿಬ್ಬರ ತಲೆಗೂ ಬಿಸಿಲು ಏರಿತ್ತೆಂದು ನಾನು ಒಪ್ಪುತ್ತೇನೆ. ಆದರೆ ಬೇವಿನ ನೆರಳಲ್ಲಿ ತಣ್ಣಗೆ ಕೂತಿದ್ದ ಆಕೆ ಎತ್ತು ಹೂಡಿಸಿದ್ದು ಯಾರ ಮಾತು ಕೇಳಿ?