ಏಳು ಸಲ ಹಾರದ ತೋಟಾ

ಸ್ಫೂರ್ತಿ, ಸಂಗಮೇಶ, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ನಾನು ಕಲಿತದ್ದು ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದಿ. ದೆವ್ವ, ಗಾಳಿ, ಮೈಮೇಲೆ ಬರುವುದು ಯಾವುದನ್ನೂ ನಾನು ನಂಬಿದವಳಲ್ಲ. ಓಣಿಯ ಹೆಂಗಸರು ಅಂಥ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ನಡೆದದ್ದು ಏನೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ನಮ್ಮ ಊರು ಕಲಘಟಗಿಯಿಂದ ಅಡವಿಯ ಕಡೆಗಿದೆ. ಕಬ್ಬು ಬೆಳೆದ ಮೇಲೆ ಹಂದಿಗಳ ಕಾಟ ತಪ್ಪಿದ್ದಲ್ಲ. ಅದಕ್ಕಾಗಿ ಮನೆಯಲ್ಲಿ ಒಂದು ಬೋಲ್ಟ್ ಬಂದೂಕು ಇತ್ತು. ಲೈಸೆನ್ಸ್ ನನ್ನ ಮಾವನವರ ಹೆಸರಿನಲ್ಲಿತ್ತು, ಕಾವಲಿಗೆ ಒಯ್ಯುತ್ತಿದ್ದವರು ನಿಮ್ಮ ಅಜ್ಜ. ಬೆರಳಿಂದ ಎಳೆಯುವ ಕುದುರೆ ಬಹಳ ಬಿಗಿ ಎಂದು ಅವರು ಬೇಸರಪಡುತ್ತಿದ್ದರು. ಅವರ ಚಿಕ್ಕಪ್ಪನ ಮಗ ಶಿವಪುತ್ರಪ್ಪ ಪಂಪ್‌ಸೆಟ್, ಬೀಗ ಎಲ್ಲ ರಿಪೇರಿ ಮಾಡುತ್ತಿದ್ದ. ಬಂದೂಕನ್ನು ಎರಡು ದಿನ ಇಟ್ಟುಕೊಂಡು ತಂದುಕೊಟ್ಟ. "ನೋಡಣ್ಣಾ, ಹೂವಿನಂಗ ಆಗೇತಿ. ಕುದುರಿಗೆ ಬಟ್ಟ ಹಚ್ಚಿದ್ರ ಸಾಕು" ಎಂದು ಪಡಸಾಲೆಯಲ್ಲಿ ಕೂತು ಚಹಾ ಕುಡಿದ. ಆ ಚಹಾ ಕಾಸಿದವಳು ನಾನೇ.

ತಿಂಗಳು ತುಂಬಿರಲಿಲ್ಲ. ಒಂದು ಮುಂಜಾನೆ ಕಬ್ಬಿನ ಬದುವಿನಲ್ಲಿ ಯಾರದೋ ಉರುಲಿಗೆ ಸಿಕ್ಕು ಗಾಯಗೊಂಡ ಹಂದಿ ನಿಮ್ಮ ಅಜ್ಜನ ಎದುರಿಗೆ ಬಂತು. ಅವರು ಕುದುರೆ ಎಳೆದರು, ಗುಂಡು ಹಾರಲಿಲ್ಲ. ಹಂದಿ ತೊಡೆ ಸೀಳಿತು. ಹುಬ್ಬಳ್ಳಿಗೆ ಒಯ್ಯುವಾಗ ಟ್ರ್ಯಾಕ್ಟರ್ ಟ್ರೇಲರಿನಲ್ಲೇ ಜೀವ ಹೋಯಿತು. ತಲೆ ನನ್ನ ತೊಡೆಯ ಮೇಲಿತ್ತು.

ಮಣ್ಣು ಕೊಟ್ಟು ಬಂದ ದಿನ ಶಿವಪುತ್ರಪ್ಪ ಮಂದಿಯ ನಡುವೆ ನಿಂತು ಹೇಳಿದ ಮಾತು ಒಳಗಿದ್ದ ನನಗೆ ಕೇಳಿಸಿತು. "ಬಂದೂಕಿಗೇನಾಗೇತಿ? ನಾ ಏನೂ ಮುಟ್ಟಿಲ್ಲ, ಬರೇ ಎಣ್ಣಿ ಬಿಟ್ಟೇನಿ. ಅಣ್ಣನ ಕೈ ನಡಗ್ಯಾವ. ಹಂದಿ ಕಂಡ್ರ ಎಂಥಾ ಗಂಡಸಿನ ಕೈನೂ ನಡಗತಾವ." ಸತ್ತವರನ್ನು ಹೇಡಿ ಮಾಡಿ ತಾನು ಪಾರಾದ.

ನನಗೆ ಆ ಬಂದೂಕು ಹೊಸದಲ್ಲ. ಪ್ರತಿ ವರ್ಷ ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಮೊದಲು ಬೋಲ್ಟ್ ಬಿಚ್ಚಿ ತೊಳೆಯುವುದು ನನ್ನ ಕೆಲಸವಾಗಿತ್ತು. ಮಾವನವರು ಹೊಲಕ್ಕೆ ಹೋದಾಗ ದಿನವೂ ಅದನ್ನು ಇಳಿಸಿ ನೋಡತೊಡಗಿದೆ. ಮೊದಲು ಹಳೆಯ ಗ್ರೀಸ್ ಗಟ್ಟಿಯಾಗಿದೆಯೇನೋ ಎಂದು ಸೀಮೆಎಣ್ಣೆಯಲ್ಲಿ ತೊಳೆದೆ. ಸ್ಪ್ರಿಂಗ್ ಒತ್ತಿ ನೋಡಿದೆ, ಬಲವಾಗಿಯೇ ಇತ್ತು. ತೋಟಾದ ಹಿಂಬದಿಗೆ ಹೊಡೆಯುವ ಮೊಳೆ ಮುರಿದಿರಲಿಲ್ಲ. ಆಮೇಲೆ ಹಾರಿಸಿದ ಖಾಲಿ ತೋಟಾ ಹಾಕಿ ಬೋಲ್ಟನ್ನು ಜೋರಾಗಿ ಮುಚ್ಚಿದೆ, ಮೊಳೆ ನಿಂತಿತು. ಮೆಲ್ಲಗೆ ಮುಚ್ಚಿದೆ, ಮೊಳೆ ನಿಲ್ಲದೆ ಬೋಲ್ಟಿನ ಜೊತೆಗೇ ಜಾರಿ ಮುಂದಕ್ಕೆ ಹೋಯಿತು. ಎಷ್ಟು ಸಲ ಮಾಡಿದರೂ ಹಾಗೆಯೇ. ಕಟ್ಟಿಗೆಯ ಹಿಡಿಕೆ ಬಿಚ್ಚಿ ನೋಡಿದಾಗ ಮೊಳೆಯನ್ನು ಹಿಡಿದು ನಿಲ್ಲಿಸುವ ಹಲ್ಲು ಕಂಡಿತು. ಉಳಿದ ಕಬ್ಬಿಣವೆಲ್ಲ ಕಪ್ಪಾಗಿತ್ತು, ಆ ಹಲ್ಲಿನ ತುದಿ ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅರದಿಂದ ತಿಕ್ಕಿದ ಗೆರೆಗಳೂ ಇದ್ದವು.

ಹಂದಿಗೆ ಸಪ್ಪಳ ಕೇಳಬಾರದೆಂದು ನಿಮ್ಮ ಅಜ್ಜ ಬೋಲ್ಟನ್ನು ಮೆಲ್ಲಗೆ ಮುಚ್ಚಿದ್ದರು, ಅಷ್ಟೇ. ಮೊಳೆ ಆಗಲೇ ಜಾರಿ ಹೋಗಿತ್ತು, ಕುದುರೆ ಎಳೆದಾಗ ಹೊಡೆಯಲು ಏನೂ ಉಳಿದಿರಲಿಲ್ಲ. ಅವರ ಕೈ ನಡುಗಿರಲಿಲ್ಲ. ಬಂದೂಕಿನಿಂದ ತೆಗೆದಿದ್ದ ಅವತ್ತಿನ ತೋಟಾವನ್ನು ನಾನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ಅದರ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆ ಮಾತ್ರ ಇತ್ತು.

ಇದನ್ನು ಪಂಚರ ಮುಂದೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೆರಗು ಮುಂದೆ ಎಳೆದುಕೊಂಡು ಓಡಾಡುತ್ತಿದ್ದ ಮೂವತ್ತರ ವಿಧವೆಯ ಮಾತನ್ನು ಯಾರು ಕೇಳುತ್ತಿದ್ದರು? ಅದೂ ಬಂದೂಕಿನ ವಿಷಯದಲ್ಲಿ? ನಿಜ ಹೇಳುತ್ತೇನೆ, ನನಗೆ ನ್ಯಾಯವೂ ಬೇಕಿರಲಿಲ್ಲ. ಅವನು ಸಾಯಬೇಕಿತ್ತು, ಅದೇ ಬಂದೂಕಿನಿಂದ, ಅದೇ ತೋಟಾದಿಂದ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ತುಂಬಿದ ಬಂದೂಕು ಹೊಸ್ತಿಲು ದಾಟಿ ಒಳಗೆ ಬರಬಾರದು, ಅಂಗಳದಲ್ಲೇ ಬರಿದು ಮಾಡಬೇಕು. ಹಾಗಾಗಿ ಒಳಗಿನಿಂದ ಹೊರಗೆ ತಂದ ಬಂದೂಕನ್ನು ನಮ್ಮವರು ಯಾರೂ ತೆರೆದು ನೋಡುತ್ತಿರಲಿಲ್ಲ. ಮಾವನವರು ಸಂತೆಗೆ ಹೋದ ದಿನ ಶಿವಪುತ್ರಪ್ಪನಿಗೆ ಹೇಳಿ ಕಳಿಸಿದೆ, ಬಂದೂಕು ನೋಡಿಕೊಡಬೇಕಂತೆ ಎಂದು. ಆ ತೋಟಾವನ್ನೇ ತುಂಬಿ, ಬೋಲ್ಟ್ ಜೋರಾಗಿ ಮುಚ್ಚಿ, ಕುದುರೆಗೆ ಏನೂ ತಾಗದಂತೆ ತಂದು ಕಟ್ಟೆಯ ಕಂಬಕ್ಕೆ ಆನಿಸಿದೆ.

"ಏನ್ರಿ ವೈನಿ, ಕಡೀಕೂ ನನ್ನ ನೆನಪಾತೇನು?" ಎಂದು ನಗುತ್ತ ಬಂದ. "ಬರಿದ ಐತಿಲ್ರಿ?" ಎಂದ. ನಾನು ತಲೆ ತಗ್ಗಿಸಿ ಸುಮ್ಮನೆ ನಿಂತೆ. ನಾನು ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದೆ. ಅವನು ಅದನ್ನೇ ಹೌದೆಂದುಕೊಂಡ.

ಕಟ್ಟೆಯ ಮೇಲೆ ಕೂತು ಬಂದೂಕಿನ ಹಿಡಿಯನ್ನು ಕಾಲುಗಳ ನಡುವೆ ನೆಲಕ್ಕೆ ಊರಿದ. ನಳಿಗೆಯ ಬಾಯಿ ಅವನ ಗದ್ದದ ಕೆಳಗಿತ್ತು. ಬೋಲ್ಟಿನ ಹಿಡಿಕೆಯನ್ನು ಎತ್ತಿ, ಹಿಂದಕ್ಕೆ ಎಳೆಯದೆ ಹಾಗೆಯೇ ಇಳಿಸಿ ಕುದುರೆ ಎಳೆದ. ಟಕ್ ಎಂದಿತು. ಜಾರಿದ ಸಪ್ಪಳವಲ್ಲ, ಪೂರಾ ಹೊಡೆತದ ಸಪ್ಪಳ. ಅದು ನನಗೆ ಚೆನ್ನಾಗಿ ಗೊತ್ತು. ಮತ್ತೆ ಎತ್ತಿ ಇಳಿಸಿ ಎಳೆದ, ಟಕ್. "ಅಗದಿ ಬರೋಬರಿ ಐತಲ್ರಿ. ನಾ ಅವತ್ತ ಹೇಳಿರಲಿಲ್ಲೇನು?" ಮೂರು, ನಾಲ್ಕು, ಐದು. ನಾನು ಬಾಗಿಲ ಚೌಕಟ್ಟು ಹಿಡಿದು ಎಣಿಸುತ್ತಿದ್ದೆ. ಬೇಡವೆನ್ನಲು ನನಗೆ ಅವಕಾಶವಿತ್ತು. ಒಂದು ಸಲವೂ ಅನ್ನಲಿಲ್ಲ. ಏಳನೆಯದೂ ಟಕ್ ಎಂದ ಮೇಲೆ ಅವನು ಬಂದೂಕನ್ನು ಕಂಬಕ್ಕೆ ಆನಿಸಿ, "ಸುಮ್ಮ ಚಿಂತಿ ಮಾಡಬ್ಯಾಡ್ರಿ" ಎಂದು ಹೊರಟ.

ಅವನು ಓಣಿ ತಿರುಗಿದ ಮೇಲೆ ಬೋಲ್ಟ್ ತೆರೆದೆ. ತೋಟಾ ಅಲ್ಲೇ ಇತ್ತು. ಏಳು ಹೊಡೆತ ಬಿದ್ದಿದ್ದರೆ ಹಿಂಬದಿ ತೂತು ಬೀಳುವಷ್ಟು ಕುಳಿಯಾಗಬೇಕಿತ್ತು. ಇದ್ದದ್ದು ಅದೇ ಹಳೆಯ ಚುಕ್ಕೆ ಒಂದೇ. ಹೊಸ ಗೀರು ಕೂಡ ಇರಲಿಲ್ಲ. ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆ. ಸಿಟ್ಟಿಗೆ ಅಳು ಬಂತು. ಅದನ್ನೇ ಮತ್ತೆ ಹಾಕಿ, ಹಿತ್ತಲಿಗೆ ಹೋಗಿ, ತಿಪ್ಪೆಯ ಕಡೆಗೆ ಹಿಡಿದು ಬೆರಳು ಇಟ್ಟೆ. ಎಳೆಯಲೂ ಇಲ್ಲ, ಹಾರಿತು. ನಾನು ಹಿಂದಕ್ಕೆ ಬಿದ್ದೆ.

ಸಪ್ಪಳ ಕೇಳಿ ಶಿವಪುತ್ರಪ್ಪ ಓಡಿ ಬಂದ. "ಯಾವ ತೋಟಾರಿ ಅದು? ಯಾವಾಗ ತುಂಬಿದ್ರಿ?" ನಾನು ಬಿದ್ದಲ್ಲಿಂದಲೇ ಅವನ ಮುಖ ನೋಡಿದೆ. ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು. ಅವನ ಕೈ ತಾನಾಗಿಯೇ ಗದ್ದದ ಕೆಳಗೆ ಹೋಯಿತು. "ನಾನ ತಿಕ್ಕಿದ್ದೆ ವೈನಿ" ಎಂದ.

"ಗೊತ್ತೈತಿ. ಏಳರಾಗ ಒಂದರ ಹಾರಬೇಕಾಗಿತ್ತು" ಎಂದೆ.

ಅವನು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮಾವನವರು ಮುಂದೆ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಿದರು. ಶಿವಪುತ್ರಪ್ಪ ಮೊಮ್ಮಕ್ಕಳನ್ನು ಆಡಿಸಿ, ಹಾಸಿಗೆಯ ಮೇಲೆ ಸುಖವಾಗಿ ಸತ್ತ. ಮಣ್ಣಿಗೆ ಹೋಗಿದ್ದೆ, ಕಣ್ಣೀರು ಬರಲಿಲ್ಲ. ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಕಬ್ಬಿನಲ್ಲಿ ಯಾಕೆ ಹಾರಲಿಲ್ಲ ಎಂಬುದನ್ನು ನಾನೇ ಹುಡುಕಿ ತೆಗೆದೆ. ಕಟ್ಟೆಯ ಮೇಲೆ ಯಾಕೆ ಹಾರಲಿಲ್ಲ ಎಂಬುದು ಮಾತ್ರ ಸಿಗಲಿಲ್ಲ. ನಿಮ್ಮ ಅಜ್ಜ ತಡೆದರು ಎನ್ನಲೇ? ತಮ್ಮನ್ನು ಕೊಂದವನನ್ನು ಅವರು ಯಾಕೆ ಉಳಿಸಬೇಕು? ನನ್ನ ಕೈಗೆ ರಕ್ತ ಹತ್ತಬಾರದೆಂದು ದೇವರು ಕಾಯ್ದ ಎನ್ನಲೇ? ಹಾಗಾದರೆ ಆ ಮುಂಜಾನೆ ಕಬ್ಬಿನ ಬದುವಿನಲ್ಲಿ ಆ ದೇವರು ಏನು ಮಾಡುತ್ತಿದ್ದ? ಅವನ ಮೇಲಿನ ಸಿಟ್ಟೂ ನನಗಿನ್ನೂ ಹೋಗಿಲ್ಲ.

ಶಿವಪುತ್ರಪ್ಪನ ಮೊಮ್ಮಕ್ಕಳು ನಿಮ್ಮ ಜೊತೆ ಒಂದೇ ತಾಟಿನಲ್ಲಿ ಉಣ್ಣುತ್ತಾರೆ, ಉಣ್ಣಲಿ. ಈ ಹಾಳೆಗಳು ಮಾತ್ರ ಅವರ ಕೈಗೆ ಹೋಗಬಾರದು. ಸುಡಲೂಬೇಡಿ. ನಿಮ್ಮ ಅಜ್ಜನ ಕೈ ನಡುಗಿರಲಿಲ್ಲ ಎಂದು ಬರೆದಿಟ್ಟದ್ದು ಇದೊಂದೇ. ಟ್ರಂಕಿನಲ್ಲಿ, ನನ್ನ ಸೀರೆಗಳ ಕೆಳಗೆ, ಜೋಪಾನವಾಗಿ ಇಡಿ.